ಗಾಡಿಗೆ ಚಳಿಯಾದ ಕಥೆ

ನನ್ನ ಬಾಲ್ಯದಲ್ಲಿ ಹಾವೇರಿಯಿಂದ ಬ್ಯಾಡಗಿಗೆ ಕಾರಿನಲ್ಲಿ ಹೋಗುವುದೆಂದರೆ ಅಂಬಾಸಿಡರಿನ ಮುಂಬಾಗಿಲ ತ್ರಿಕೋನ ಗಾಜನ್ನು ತಿರುಗಿಸಿ ಮುಖಕ್ಕೆ ಗಾಳಿ ಬರಮಾಡಿಕೊಳ್ಳುವುದೆಂದೇ ಅರ್ಥ. ಪೇಟೆ ಸಮೀಪಿಸಿದಂತೆ ಮೆಣಸಿನಕಾಯಿಯ ಘಾಟು ಮೂಗಿಗೆ ಅಡರುತ್ತಿತ್ತು. ಸೀನುತ್ತಲೇ ಗಾಜು ಮುಚ್ಚುತ್ತಿದ್ದೆವು. ನಮ್ಮ ಕಾಲದ ಹವಾನಿಯಂತ್ರಣ ಅಷ್ಟೇ.

ಅಮೆರಿಕದಲ್ಲಿ ಈ ವಿದ್ಯೆ ಅದಕ್ಕೂ ಮೊದಲೇ ಆರಂಭವಾಗಿತ್ತು. 1939ರಲ್ಲಿ ಪ್ಯಾಕರ್ಡ್ ಕಂಪನಿ ತಂಪು ಯಂತ್ರವುಳ್ಳ ಕಾರನ್ನು ಪ್ರದರ್ಶಿಸಿತು. ಯಂತ್ರದ ಒಂದು ಭಾಗ ಡಿಕ್ಕಿಯ ಜಾಗವನ್ನೇ ನುಂಗಿತ್ತು. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗಿತ್ತಂತೆ! 1964ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಸ್ವಯಂಚಾಲಿತ ವ್ಯವಸ್ಥೆ ಬಂದಿತು. ಚಾಲಕನು ತನಗೆ ಬೇಕಾದ ಉಷ್ಣತೆಯನ್ನು ಒಮ್ಮೆ ಸೂಚಿಸಿದರೆ ಸಾಕು. ಒಳಗಿನ, ಹೊರಗಿನ ಮತ್ತು ಕೊಳವೆಯ ಗಾಳಿಯನ್ನು ಸೆನ್ಸಾರುಗಳು ಅಳೆದು, ಬಿಸಿಗಾಳಿ ತಂಪುಗಾಳಿಗಳನ್ನು ಬೆರೆಸುವ ಪುಟ್ಟ ಬಾಗಿಲನ್ನು ಸರಿಸುತ್ತಿದ್ದವು. ಮುಂದೆ ಅನಿಲವೂ ಬದಲಾಯಿತು. ಓಝೋನ್ ಪದರಕ್ಕೆ ಹಾನಿಕರವಾದ ಆರ್-12 ಅನಿಲಕ್ಕೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. 1990ರ ದಶಕದಲ್ಲಿ ಹೊಸ ಕಾರುಗಳಿಗೆ ಆರ್-134ಎ ಬಂದಿತು.

ನಿವೃತ್ತಿಯ ನಂತರ ನಾನು ಕೊಂಡ ಹಳೆಯ ಕಾರಿನಲ್ಲಿಯೂ ಇಂಥದೇ ವ್ಯವಸ್ಥೆಯಿದೆ. ಇದು ನಮಗೆ ಶೋಕಿಯಲ್ಲ. ನನ್ನ ಶ್ರೀಮತಿಯವರ ತವರು ಬ್ಯಾಡಗಿ, ಅವರಿಗೆ ಉಬ್ಬಸ. ಸುಗ್ಗಿಯ ಕಾಲದಲ್ಲಿ ಗಾಜು ಇಳಿಸುವಂತಿಲ್ಲ, ಬೇಸಿಗೆಯಲ್ಲಿ ಮುಚ್ಚಿಕೊಂಡು ಕೂರುವಂತಿಲ್ಲ. ತೊಂಬತ್ತರ ಸಮೀಪದಲ್ಲಿರುವ ತಾಯಿಯನ್ನು ನೋಡಬೇಕೆಂದರೆ ಕಾರು ತಣ್ಣಗಿರಲೇಬೇಕು.

ಕಳೆದ ಮಾರ್ಚಿಯಲ್ಲಿ ಆ ಕಾರು ಬಿಸಿಗಾಳಿ ಉಗುಳತೊಡಗಿತು. ದೊಡ್ಡ ಊರಿನ ಗ್ಯಾರೇಜೊಂದರಲ್ಲಿ ಕಂಪ್ರೆಸರ್ ಬದಲಿಸಬೇಕೆಂದು ಹೇಳಿದ ಖರ್ಚು ನನ್ನ ಎರಡು ತಿಂಗಳ ಪಿಂಚಣಿಯಷ್ಟಿತ್ತು. "ಬಿಡ್ರಿ, ಅವ್ವನ್ನ ಮಳಿಗಾಲದಾಗ ನೋಡಿದ್ರಾತು" ಎಂದರು ಶ್ರೀಮತಿ. ಆ ಮಾತು ನನ್ನನ್ನು ಚುಚ್ಚಿತು. ಆ ವಯಸ್ಸಿನವರ ವಿಷಯದಲ್ಲಿ ಮಳೆಗಾಲ ಬಹು ದೂರ.

ರಾಣೆಬೆನ್ನೂರಿನ ಒಬ್ಬ ಮಿಸ್ತ್ರಿಯ ಬಳಿ ಹೋದೆ. ಆತ ಯಾವ ಭಾಗವನ್ನೂ ಬಿಚ್ಚದೆ, ಎಂಜಿನ್ ಚಾಲೂ ಮಾಡಿಸಿ, ಒಳಗಿನಿಂದ ಮರಳುವ ಕೊಳವೆಯನ್ನು ಮುಟ್ಟಿ ನೋಡಿದ. ಅದು ಹಿಮದಂತೆ ತಣ್ಣಗಿತ್ತು. "ಗ್ಯಾಸು, ಕಂಪ್ರೆಸರ್ ಎಲ್ಲಾ ಸರಿ ಅದಾವ್ರಿ ಸರ. ಗಾಡಿಗೆ ಚಳಿ ಹತ್ತೇತ್ರಿ!" ಎಂದು ನಕ್ಕ.

ಡ್ಯಾಶ್‌ಬೋರ್ಡಿನ ಹಿಂದಿದ್ದ ಸೆನ್ಸಾರನ್ನು ತೆಗೆದು ಮೀಟರಿಗೆ ಜೋಡಿಸಿ, ಅಂಗೈಯಲ್ಲಿ ಬೆಚ್ಚಗೆ ಹಿಡಿದ. ರೋಧ ಇಳಿಯಿತು, ಸೆನ್ಸಾರ್ ಸರಿಯಾಗಿಯೇ ಇತ್ತು. ಆದರೆ ಅದರ ಜೋಡಣೆಯ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಮುಂದಿನ ಗಾಜಿನ ರಬ್ಬರಿನಿಂದ ಮಳೆನೀರು ಒಳಗಿಳಿದಿತ್ತು.

ಈ ಸೆನ್ಸಾರಿನ ರೋಧವು ಬಿಸಿಯಾದಂತೆ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಕಿಲುಬು ತನ್ನ ರೋಧವನ್ನೂ ಅದಕ್ಕೆ ಕೂಡಿಸಿದ್ದರಿಂದ, ಬ್ಯಾಡಗಿಯ ಬಿಸಿಲಿನಲ್ಲಿ ನಿಂತಿದ್ದ ಕಾರು ತಾನು ಚಳಿಯಲ್ಲಿರುವೆನೆಂದು ನಂಬಿ, ಬಿಸಿಗಾಳಿಯ ಬಾಗಿಲು ತೆರೆದಿತ್ತು. ಸರಣಿಯಲ್ಲಿ ಜೋಡಿಸಿದ ರೋಧಗಳು ಕೂಡುತ್ತವೆಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ನನ್ನ ಕಾರಿನೊಳಗೇ ಆ ಪಾಠವಿದ್ದರೂ ನನಗೆ ಕಾಣಲಿಲ್ಲ!

ಪಿನ್ನನ್ನು ಉಜ್ಜಿ, ರಬ್ಬರ್ ಬದಲಿಸಿ, ಆತ ಕೇಳಿದ್ದು ಕೆಲವೇ ನೂರು ರೂಪಾಯಿ. ಮರುದಿನವೇ ಬ್ಯಾಡಗಿಗೆ ಹೊರಟೆವು. ಗಾಜು ಮುಚ್ಚಿತ್ತು, ಕಾರು ತಣ್ಣಗಿತ್ತು. ಅಂಗಳದಲ್ಲಿ ಕುಳಿತಿದ್ದ ಅತ್ತೆಯವರು ಮಗಳ ಕೈ ಹಿಡಿದು, "ಕೈ ಯಾಕ ಇಷ್ಟ್ ತಣ್ಣಗಾಗ್ಯಾವ ಯವ್ವಾ?" ಎಂದು ಕೇಳಿದರು.