ಅಲಂಕಾರ: ಕವಿರಾಜಮಾರ್ಗದಿಂದ ನಮ್ಮ ತರಗತಿಯವರೆಗೆ

ನಾವು ಹತ್ತನೆಯ ತರಗತಿಯಲ್ಲಿದ್ದಾಗ ಅಲಂಕಾರವೆಂದರೆ ಮೂರು ಅಂಕದ ಪ್ರಶ್ನೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕನ್ನೂ ಗುರುತಿಸಿ ಸಮನ್ವಯ ಬರೆದರೆ ಮುಗಿಯಿತು. ಮನೆಯಲ್ಲಿ ತುಳು ಮಾತನಾಡಿ ಶಾಲೆಗೆ ಬರುತ್ತಿದ್ದ ನನಗೆ ಇದು ದೂರದ ಅರಮನೆಯ ಪಂಡಿತರ ವಿದ್ಯೆ ಅನಿಸುತ್ತಿತ್ತು. ಅದು ಅರ್ಧ ಮಾತ್ರ ನಿಜ.

ಅರಮನೆಯ ಸಂಬಂಧವಂತೂ ಇದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ರಚನೆಯಾಯಿತು. ಬರೆದವನು ಶ್ರೀವಿಜಯನೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸಿದ ಈ ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು. ಮುಂದೆ ಕುಮಾರವ್ಯಾಸ 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಎಂದೂ ಲಕ್ಷ್ಮೀಶ 'ಉಪಮಾಲೋಲ' ಎಂದೂ ಹೆಸರಾದರು.

ಆದರೆ ಈ ವಿದ್ಯೆ ನಮ್ಮ ಊರುಗಳಿಗೆ ಹೊರಗಿನದಲ್ಲ. 16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಹಾಡಲು ಸುಲಭವಾದ ಸಾಂಗತ್ಯದಲ್ಲಿ ಬರೆದ. ಕನ್ನಡಿಗರು, ತೆಲುಗರ ಜೊತೆಗೆ ತುಳುವರೂ ತನ್ನ ಕಾವ್ಯವನ್ನು ಮೆಚ್ಚಬೇಕೆಂಬ ಆಸೆಯನ್ನು ಆರಂಭದಲ್ಲೇ ಹೇಳಿಕೊಂಡ. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮಕ್ಕಳ ಪದ್ಯದಲ್ಲಿ ನಾಗರಹಾವನ್ನು ಹೂವೆಂದು ಕರೆದರು. ಹಾವು ಹೂವಿನಂತೆ ಇದೆ ಎಂದರೆ ಉಪಮೆ. ಹಾವೇ ಹೂವು ಎಂದರೆ ರೂಪಕ. ಮಳೆಗಾಲದಲ್ಲಿ ಬಂಟ್ವಾಳ ಪೇಟೆಗೆ ನೆರೆ ಬಂದಾಗ, 'ನೇತ್ರಾವತಿ ಸಂತೆಗೆ ಹೊರಟಳೋ ಎಂಬಂತೆ ಅಂಗಡಿ ಅಂಗಡಿ ಹೊಕ್ಕಳು' ಎಂದು ಕಲ್ಪಿಸಿ ಹೇಳಿದರೆ ಉತ್ಪ್ರೇಕ್ಷೆ.

ಬೆಳ್ತಂಗಡಿ ಕಡೆಯ ಅಜ್ಜನ ಜೊತೆ ನಾನು ತಾಳಮದ್ದಳೆಗೆ ಹೋಗುತ್ತಿದ್ದೆ. ಅರ್ಥಧಾರಿಯೊಬ್ಬರು ಎದುರಾಳಿಯ ವಾದಕ್ಕೆ ಒಳ್ಳೆಯ ದೃಷ್ಟಾಂತ ಕೊಟ್ಟರೆ ಅಜ್ಜ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ತಲೆದೂಗುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಲಕ್ಷಣ ಗೊತ್ತಿರಲಿಲ್ಲ, ಲಕ್ಷ್ಯ ಗೊತ್ತಿತ್ತು.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನ್ನ ಸುತ್ತ ರೂಪಕಗಳೇ ತುಂಬಿದವು. ಮೌಸ್ ಎಂದರೆ ಇಲಿ, ವಿಂಡೋ ಎಂದರೆ ಕಿಟಕಿ, ಕ್ಲೌಡ್ ಎಂದರೆ ಮೋಡ. ಎಲ್ಲವೂ ಕ್ಲೌಡ್‌ನಲ್ಲಿ ಭದ್ರವಾಗಿದೆ ಎಂದು ನಂಬಿ ನಾನು ಅಜ್ಜನ ಫೋಟೋಗಳ ಬೇರೆ ಪ್ರತಿ ಇಡಲಿಲ್ಲ. ಬಹಳ ದಿನ ತೆರೆಯದೆ ಬಿಟ್ಟಿದ್ದ ಆ ಖಾತೆ ಒಂದು ದಿನ ಮುಚ್ಚಿಹೋಯಿತು, ಫೋಟೋಗಳೂ ಹೋದವು. ಆಗ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಮೋಡವೆಂಬುದು ಉಪಮಾನ, ಯಾರದೋ ಕಟ್ಟಡದಲ್ಲಿರುವ ಕಂಪ್ಯೂಟರು ಉಪಮೇಯ. ಇದನ್ನು ಓದಿ ಬಲ್ಲ ಇಂಜಿನಿಯರನೇ ಹೆಸರಿಗೆ ಮರುಳಾಗಿದ್ದೆ.

ಆಮೇಲೆ ನನಗೆ ನಮ್ಮ ಕನ್ನಡ ಪಾಠದ ಬೆಲೆ ತಿಳಿಯಿತು. ಜಾಹೀರಾತಾಗಲಿ, ಭಾಷಣವಾಗಲಿ, ಚಂದದ ಮಾತು ಕೇಳಿದಾಗ ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ, ಹೋಲಿಕೆ ಎಲ್ಲಿಯವರೆಗೆ ಸರಿ ಎಂದು ಬಿಡಿಸಿ ನೋಡುವುದೇ ಸಮನ್ವಯ. ಈಗ ಕಲಿಯುತ್ತಿರುವ ತಮ್ಮ ತಂಗಿಯರು ಇದನ್ನು ಪರೀಕ್ಷೆಯೊಡನೆ ಮರೆಯದಿರಲಿ. ಮನೆಗೆ ಹೋಗಿ ಅಜ್ಜ ಅಜ್ಜಿಯರ ತುಳು ಮಾತಿನಲ್ಲೂ ಉಪಮೆ, ರೂಪಕಗಳನ್ನು ಹುಡುಕಲಿ.