ಅಂತ್ಯ ಮತ್ತು ಆರಂಭ: ಒಂದು ಚಿತ್ರದೆಲೆಯೂ ನಮ್ಮ ಉದಯಗಿರಿಯೂ

ಮನುಷ್ಯನು ತನಗೆ ಅಂಜಿಕೆ ಹುಟ್ಟಿಸುವ ಸಂಗತಿಗೆ ಮೊದಲು ಒಂದು ರೂಪವನ್ನು ಕೊಡುತ್ತಾನೆ. ಆಮೇಲೆ ಆ ರೂಪದೊಡನೆ ಮಾತನಾಡುವುದನ್ನು ಕಲಿಯುತ್ತಾನೆ. ಸಾವಿಗೆ ನಮ್ಮ ಹಿರಿಯರು ಕೋಣವನ್ನೇರಿದ ಯಮನ ರೂಪವನ್ನು ಕೊಟ್ಟರು. ಯುರೋಪಿನ ಜನ ಎಲುಬಿನ ಹಂದರದ ರೂಪವನ್ನು ಕೊಟ್ಟರು. ಆ ಹಂದರವು ಗುಡಿಯ ಗೋಡೆಯಿಂದ ಇಳಿದು ಆಟದ ಎಲೆಯ ಮೇಲೆ ಬಂದು ಕುಳಿತ ಕಥೆ ಸ್ವಾರಸ್ಯವಾದುದು. ನಮ್ಮ ಮೊಮ್ಮಕ್ಕಳು ಮೊಬೈಲಿನಲ್ಲಿ ನೋಡುವ ಟ್ಯಾರೋ ಎಲೆಗಳಲ್ಲಿ ಹದಿಮೂರನೆಯದು ಇದೇ. ಆ ಎಲೆಯ ಅರ್ಥವನ್ನು ಇತಿಹಾಸದ ಬೆಳಕಿನಲ್ಲಿ ನೋಡಿ, ಅದೇ ಭಾವನೆ ನಮ್ಮ ನಾಡಿನಲ್ಲಿಯೂ ಈ ಗಡಿಯ ನೆಲದಲ್ಲಿಯೂ ಹೇಗೆ ನೆಲೆಗೊಂಡಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಭವಿಷ್ಯ ಹೇಳುವ ವಿದ್ಯೆಗೂ ಈ ಬರಹಕ್ಕೂ ಸಂಬಂಧವಿಲ್ಲ.

ಹದಿಮೂರನೆಯ ಎಲೆ

ಟ್ಯಾರೋ ಎಂಬುದು ಹುಟ್ಟಿದಾಗ ಕೇವಲ ಆಟವಾಗಿತ್ತು. ಹದಿನೈದನೆಯ ಶತಮಾನದಲ್ಲಿ ಇಟಲಿಯ ಉತ್ತರ ಭಾಗದ ಮಿಲಾನ್, ಫೆರಾರಾ ಮೊದಲಾದ ಅರಮನೆಗಳಲ್ಲಿ ಶ್ರೀಮಂತರು ಇದನ್ನು ಆಡುತ್ತಿದ್ದರು. ಪೂರ್ಣ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 22 ವಿಶೇಷ ಚಿತ್ರಗಳುಳ್ಳವು, ಉಳಿದ 56 ಸಾಮಾನ್ಯವಾದವು. ಅದಕ್ಕೂ ನೂರು ವರ್ಷ ಮೊದಲು, 1347ರಿಂದ ಕೆಲವೇ ವರ್ಷಗಳಲ್ಲಿ, ಮಹಾಮಾರಿ ಪ್ಲೇಗು ಯುರೋಪಿನ ಜನಸಂಖ್ಯೆಯ ಬಹುದೊಡ್ಡ ಪಾಲನ್ನು ಒಯ್ದಿತ್ತು. ಅರಸ, ಪಾದ್ರಿ, ರೈತ ಎಂಬ ಭೇದವಿಲ್ಲದೆ ಎಲ್ಲರ ಕೈ ಹಿಡಿದು ಕುಣಿಸುವ ಸಾವಿನ ಚಿತ್ರಗಳು ಅಲ್ಲಿಯ ಇಗರ್ಜಿಗಳ ಗೋಡೆಗಳ ಮೇಲೆ ಮೂಡಿದವು. ಇಂಥ ಕಾಲದಲ್ಲಿ ಆಟದ ಎಲೆಯ ಮೇಲೂ ಸಾವು ಬಂದುದು ಆಶ್ಚರ್ಯವಲ್ಲ. ಮಿಲಾನಿನ ಅರಸು ಮನೆತನಕ್ಕಾಗಿ ಬರೆದ ಹಳೆಯ ಕಟ್ಟಿನಲ್ಲಿ ಅದು ಬಿಲ್ಲು ಹಿಡಿದು ನಿಂತಿದೆ. ಅನಂತರ ಫ್ರಾನ್ಸಿನ ಕಟ್ಟುಗಳಲ್ಲಿ ಅದರ ಕೈಗೆ ಉದ್ದನೆಯ ಕುಡುಗೋಲು ಬಂದಿತು. ಕಪ್ಪು ನೆಲದಲ್ಲಿ ಅದು ಬೆಳೆ ಕೊಯ್ಯುವಂತೆ ತಲೆಗಳನ್ನು ಕೊಯ್ಯುತ್ತದೆ. ಅನೇಕ ಕಟ್ಟುಗಳಲ್ಲಿ ಈ ಎಲೆಯ ಕೆಳಗೆ ಹೆಸರನ್ನೇ ಬರೆಯುತ್ತಿರಲಿಲ್ಲ. ಸಂಖ್ಯೆಯೊಂದೇ ಸಾಕಾಗಿತ್ತು.

ಇದಕ್ಕೆ ಗೂಢವಾದ ಅರ್ಥವನ್ನು ಹಚ್ಚಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾನ್ ಎಂಬ ವಿದ್ವಾಂಸನು ಈ ಎಲೆಗಳು ಪ್ರಾಚೀನ ಈಜಿಪ್ಟಿನ ಜ್ಞಾನಭಂಡಾರವೆಂದು ಬರೆದನು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಬಿಡಿಸಿ ಓದಿದ್ದು 1822ರಲ್ಲಿ. ಆದ್ದರಿಂದ ಈ ಮಾತು ಬರಿಯ ಕಲ್ಪನೆಯಾಗಿತ್ತು. ಆದರೂ ಕಲ್ಪನೆಗೆ ಬೇರು ಬಿಡುವ ಶಕ್ತಿಯುಂಟು. ಇಂದು ಎಲ್ಲೆಡೆ ಕಾಣುವ ಚಿತ್ರವು 1909ರದು. ಎ. ಇ. ವೇಟ್ ಎಂಬವರ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಇದನ್ನು ಲಂಡನ್ನಿನಲ್ಲಿ ಬರೆದರು. ಕಪ್ಪು ಕವಚ ತೊಟ್ಟ ಅಸ್ಥಿಪಂಜರವು ಬಿಳಿಯ ಕುದುರೆಯನ್ನೇರಿ ಬರುತ್ತಿದೆ. ಅದರ ಕರಿಯ ಧ್ವಜದ ಮೇಲೆ ಬಿಳಿಯ ಗುಲಾಬಿ ಅರಳಿದೆ. ಅರಸನೊಬ್ಬನು ಕಿರೀಟ ಕಳಚಿ ನೆಲಕ್ಕುರುಳಿದ್ದಾನೆ. ಧರ್ಮಗುರು ಕೈ ಜೋಡಿಸಿದ್ದಾನೆ. ತರುಣಿ ಮುಖ ತಿರುಗಿಸಿದ್ದಾಳೆ. ಒಂದು ಚಿಕ್ಕ ಮಗು ಮಾತ್ರ ಅಂಜದೆ ತಲೆಯೆತ್ತಿ ನೋಡುತ್ತಿದೆ. ಹಿಂದೆ, ದೂರದಲ್ಲಿ, ಎರಡು ಬುರುಜುಗಳ ನಡುವೆ ಸೂರ್ಯನಿದ್ದಾನೆ. ಈ ಎಲೆಯನ್ನು ಓದುವವರು ದೇಹದ ಸಾವನ್ನು ಇದರಲ್ಲಿ ಕಾಣುವುದಿಲ್ಲ. ಒಂದು ಅವಸ್ಥೆ ಮುಗಿದು ಇನ್ನೊಂದು ತೊಡಗುವುದನ್ನು ಕಾಣುತ್ತಾರೆ.

ನಮ್ಮ ಗಂಜೀಫಾದ ಬಿಳಿಗುದುರೆ

ಬಿಳಿಗುದುರೆಯನ್ನೇರಿ ಒಂದು ಯುಗವನ್ನು ಮುಗಿಸಿ ಇನ್ನೊಂದನ್ನು ತೊಡಗಿಸುವವನು ನಮ್ಮಲ್ಲಿಯೂ ಒಬ್ಬನಿದ್ದಾನೆ. ಅವನೂ ಆಟದ ಎಲೆಯ ಮೇಲೆ ಬಂದಿದ್ದಾನೆ. ಅವನೇ ಕಲ್ಕಿ.

ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ಪರ್ಷಿಯಾದ ಕಡೆಯಿಂದ ಬಂದುದು. 1527ರಲ್ಲಿ ಬಾಬರನು ಸಿಂಧಿನಲ್ಲಿದ್ದ ಷಾ ಹಸನನಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, 96 ಎಲೆ. ಭಾರತದ ಕಲಾವಿದರು ಅದನ್ನು ತಮ್ಮದಾಗಿಸಿಕೊಂಡು ದಶಾವತಾರದ ಕಟ್ಟನ್ನು ನಿರ್ಮಿಸಿದರು. ಹತ್ತು ಅವತಾರಗಳಿಗೆ ಹತ್ತು ಬಣ್ಣ. ಪ್ರತಿ ಬಣ್ಣದಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು. ಹೀಗೆ ಒಟ್ಟು 120. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ ಎಂಬಂತೆ ಗುರುತುಗಳು. ಕೊನೆಯ ಕಲ್ಕಿಗೆ ಖಡ್ಗ ಅಥವಾ ಕುದುರೆ. ನಮ್ಮ ರಾಜ್ಯದ ಸಾವಂತವಾಡಿಯಲ್ಲಿ ಈ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕಲೆಗೆ ದೊಡ್ಡ ಆಶ್ರಯವನ್ನಿತ್ತರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ 36ರಿಂದ 360 ಎಲೆಗಳವರೆಗಿನ ಛದ ಆಟಗಳ ವರ್ಣನೆಯಿದೆ.

ಈ ಆಟದಲ್ಲಿ ಒಂದು ವಿಚಿತ್ರ ನಿಯಮವಿದೆ. ಹತ್ತು ಬಣ್ಣಗಳಲ್ಲಿ ಐದರಲ್ಲಿ ಹತ್ತು ಎಂಬುದು ದೊಡ್ಡ ಎಲೆ, ಒಂದು ಎಂಬುದು ಚಿಕ್ಕದು. ಉಳಿದ ಐದರಲ್ಲಿ ಕ್ರಮ ತಿರುಗಿ ಒಂದು ದೊಡ್ಡದಾಗುತ್ತದೆ, ಹತ್ತು ಚಿಕ್ಕದಾಗುತ್ತದೆ. ಆಟವಾಡುವವನು ಇದನ್ನು ಮರೆತರೆ ಸೋಲುತ್ತಾನೆ. ಕೆಳಗಿನದು ಮೇಲಾಗಬಲ್ಲದು ಎಂಬ ಪಾಠವನ್ನು ನಮ್ಮ ಹಿಂದಿನವರು ಮಕ್ಕಳಿಗೆ ಆಟದಲ್ಲಿಯೇ ಕಲಿಸಿದರೆಂದು ತಿಳಿಯಬಹುದು.

ಎರಡು ಎಲೆಗಳ ನಡುವೆ ವ್ಯತ್ಯಾಸವೂ ಇದೆ. ಕಲ್ಕಿಯು ಅಧರ್ಮವನ್ನು ಕಡಿಯಲು ಬರುತ್ತಾನೆ, ಆಮೇಲೆ ಕೃತಯುಗ. ಅಲ್ಲಿ ನ್ಯಾಯವಿದೆ. ಯುರೋಪಿನ ಸವಾರನು ಅರಸನನ್ನೂ ಮಗುವನ್ನೂ ಒಂದೇ ದಾರಿಯಲ್ಲಿ ಭೇಟಿಯಾಗುತ್ತಾನೆ, ಅಲ್ಲಿ ಸಮಾನತೆಯಿದೆ. ನಮ್ಮ ಕಾಲಚಕ್ರದಲ್ಲಿ ಅಂತ್ಯವೆಂಬುದು ಒಂದು ತಿರುವು ಮಾತ್ರ. ಅರವತ್ತು ಸಂವತ್ಸರಗಳಲ್ಲಿ ಕೊನೆಯದಕ್ಕೆ ‘ಅಕ್ಷಯ’ ಎಂದೇ ಹೆಸರು. ಅದರ ಮರುವರ್ಷವೇ ‘ಪ್ರಭವ’, ಅಂದರೆ ಹುಟ್ಟು.

ಕೋಟೆ ಕಂಡ ಅಂತ್ಯಗಳು

ಈ ದೃಷ್ಟಿಯಿಂದ ನಮ್ಮ ಊರನ್ನು ನೋಡೋಣ. ಉದಗೀರವೆಂದರೆ ಉದಯಗಿರಿ, ಸೂರ್ಯ ಮೂಡುವ ಬೆಟ್ಟ. ಊರಿನ ಮಹಾವಿದ್ಯಾಲಯವೊಂದು ಆ ಹೆಸರನ್ನೇ ಇಟ್ಟುಕೊಂಡಿದೆ. ಬುರುಜುಗಳ ನಡುವಿನ ಸೂರ್ಯನನ್ನು ಕಾಣಲು ನಮ್ಮ ಮಕ್ಕಳು ಚಿತ್ರದೆಲೆಯನ್ನು ನೋಡಬೇಕಾಗಿಲ್ಲ. ಬೆಳಗಿನಲ್ಲಿ ಕೋಟೆಯ ಕಡೆಗೆ ಹೋದರೆ ಸಾಕು.

ಬಹಮನಿಗಳು, ಬೀದರದ ಬರೀದಶಾಹಿಗಳು, 1636ರಲ್ಲಿ ಷಹಜಹಾನನ ಸೈನ್ಯ, ಅನಂತರ ನಿಜಾಮರು: ಈ ಕೋಟೆ ಎಲ್ಲರನ್ನೂ ಕಂಡಿತು. ಆದರೆ ಹದಿಮೂರನೆಯ ಎಲೆಯ ಅರ್ಥವನ್ನು ತಿಳಿಯಲು 1760ನೆಯ ಇಸವಿಯೊಂದೇ ಸಾಕು. ಆ ವರ್ಷ ಫೆಬ್ರುವರಿ 3ರಂದು ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಉದಗೀರದ ಸಮರದಲ್ಲಿ ಸೋಲಿಸಿದನು. ಇಬ್ರಾಹಿಂ ಖಾನ ಗಾರದಿಯ ತೋಪುಗಳು ಆ ಗೆಲುವಿಗೆ ಕಾರಣವಾದವು. ಸಲಾಬತ್ ಜಂಗನು 60 ಲಕ್ಷ ರೂಪಾಯಿ ಉತ್ಪನ್ನದ ಪ್ರದೇಶವನ್ನೂ ದೌಲತಾಬಾದ, ಅಸೀರಗಡ, ಬುರ್ಹಾನಪುರ, ವಿಜಾಪುರಗಳನ್ನೂ ಬಿಟ್ಟುಕೊಡಬೇಕಾಯಿತು. ಪೇಶವೆಯರ ವೈಭವ ಅದಕ್ಕಿಂತ ಮೇಲಕ್ಕೆ ಏರಿರಲಿಲ್ಲ. ಈ ವಿಜಯದ ಕೀರ್ತಿಯಿಂದಲೇ ಭಾವುವಿಗೆ ಉತ್ತರದ ದಂಡಯಾತ್ರೆಯ ಮುಖಂಡತ್ವ ಬಂದಿತು. 1761ರ ಜನವರಿ 14ರಂದು, ವರ್ಷ ತುಂಬುವ ಮೊದಲೇ, ಅವನು ಪಾಣಿಪತದಲ್ಲಿ ಬಿದ್ದನು. ಗಾರದಿಯೂ ಅಲ್ಲಿಯೇ ಸೆರೆಸಿಕ್ಕು ಪ್ರಾಣ ಕಳೆದುಕೊಂಡನು. ಸೋತ ಸಲಾಬತ್ ಜಂಗನ ಗತಿಯೇನು? 1762ರಲ್ಲಿ ತಮ್ಮ ನಿಜಾಮ ಅಲಿಯೇ ಅವನನ್ನು ಪದಚ್ಯುತಗೊಳಿಸಿದನು. ಮರುವರ್ಷ ಅವನು ಬೀದರದ ಕೋಟೆಯ ಸೆರೆಯಲ್ಲಿ ತೀರಿಕೊಂಡನು. ಗೆದ್ದವನೂ ಸೋತವನೂ ಮೂರು ನಾಲ್ಕು ವರ್ಷಗಳೊಳಗೆ ಒಂದೇ ಕುದುರೆಯ ಕಾಲ್ಕೆಳಗೆ ಸಂದರು.

ಕೋಟೆಯೊಳಗೆ ಉದಯಗಿರಿ ಮಹಾರಾಜರ ಸಮಾಧಿಯಿದೆ. ಜನ ಇಂದಿಗೂ ಕೈಮುಗಿಯುವುದು ಅದಕ್ಕೆ.

ಗೆರೆ ಬಿದ್ದ ದಿನ

1948ರ ಸೆಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನದ ಆಳ್ವಿಕೆ ಮುಗಿಯಿತು. ನಮ್ಮ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಆಗ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ. ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ಕನ್ನಡವಾಡಿ, ಮುಂದೆ ಮರಾಠಿಯಲ್ಲಿ ಅರ್ಜಿ ಬರೆದ ಒಂದು ತಲೆಮಾರು ನಮ್ಮಲ್ಲಿ ಇತ್ತು. ಒಂದೇ ಜನ್ಮದಲ್ಲಿ ಮೂರು ಲಿಪಿ. ಅತ್ತೆಮನೆ ಔರಾದದಲ್ಲಿ, ತವರುಮನೆ ಉದಗೀರದಲ್ಲಿ ಇದ್ದ ಹೆಣ್ಣುಮಗಳಿಗೆ ಒಂದು ಬೆಳಗಿನಲ್ಲಿ ತವರು ಪರರಾಜ್ಯವಾಯಿತು.

ಇದು ಕನ್ನಡಕ್ಕೆ ಅಂತ್ಯವೋ ಆರಂಭವೋ ಎಂಬ ಪ್ರಶ್ನೆ ಅಂದಿನಿಂದ ನಮ್ಮೆದುರಿಗಿದೆ. ಮರಾಠಿ ನಮಗೆ ಅನ್ನ ಕೊಟ್ಟಿದೆ, ವಿದ್ಯೆ ಕೊಟ್ಟಿದೆ, ನೆರೆಹೊರೆಯ ಪ್ರೀತಿಯನ್ನೂ ಕೊಟ್ಟಿದೆ. 2022ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲಿಯೇ ನಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಮನೆಯೊಳಗಿನ ಮಾತು ಅಜ್ಜಿಯೊಡನೆ ಮುಗಿದುಹೋಗುವ ಸಂಕಟ ಬೇರೆ.

ಭೂಮಿ ನಡುಗಿದ ರಾತ್ರಿ

ಅಂತ್ಯವನ್ನು ಕುರಿತು ಬರೆಯುವಾಗ ಈ ಸೀಮೆಯವರು 1993ನ್ನು ಮರೆಯಲಾಗದು. ಆ ವರ್ಷ ಸೆಪ್ಟೆಂಬರ 29ರಂದು ಅನಂತ ಚತುರ್ದಶಿ. ಮುಂದಿನ ವರ್ಷ ಬೇಗ ಬಾ ಎಂದು ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ವಿಸರ್ಜನೆಯೂ ಅಂತ್ಯ–ಆರಂಭಗಳ ಸಂಕೇತವೇ. 30ರ ನಸುಕಿನ ನಾಲ್ಕರ ಸುಮಾರಿಗೆ ಕಿಲ್ಲಾರಿ, ಸಾಸ್ತೂರಗಳ ಸುತ್ತ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಕುಸಿದವು. ಔಸಾ, ಉಮರ್ಗಾ ತಾಲೂಕುಗಳಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಮುಂದೆ 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಜಾಗದಲ್ಲಿ ಕಟ್ಟಿದರು. ಅಗಲವಾದ ರಸ್ತೆಗಳ ಹೊಸ ಊರುಗಳು ಎದ್ದವು.

ಅಂತ್ಯದ ಹಿಂದೆಯೇ ಆರಂಭವಿದೆ ಎಂಬ ಮಾತನ್ನು ಇಲ್ಲಿ ಹಗುರವಾಗಿ ಹೇಳಬಾರದು. ಮನೆಮಂದಿಯನ್ನೆಲ್ಲ ಕಳೆದುಕೊಂಡು ಉಳಿದವನಿಗೆ ಹೊಸ ಊರು ಹಳೆಯ ಊರಿನ ಬದಲಾಗಲಿಲ್ಲ. ಆದರೂ ಆ ಚಳಿಗಾಲದಲ್ಲಿಯೇ ಬದುಕುಳಿದವರು ಜೋಳದ ಹೊಲಕ್ಕೆ ಹೋಗಲೇಬೇಕಾಯಿತು. ಆರಂಭವೆಂಬುದು ಉಳಿದವರ ಮೇಲೆ ಬೀಳುವ ಹೊಣೆ. ತಾನಾಗಿ ದೊರೆಯುವ ಸಮಾಧಾನವಲ್ಲ.

ಎಳ್ಳಮಾವಾಸ್ಯೆಯ ಸಾಕ್ಷಿ

ಕೊನೆಗೆ ನಮ್ಮ ನೆಲದ್ದೇ ಆದ ಸಂಕೇತಕ್ಕೆ ಬರೋಣ. ಮಾರ್ಗಶಿರ ಮಾಸದ ಅಮಾವಾಸ್ಯೆಯ ದಿನ ಲಾತೂರ, ಧಾರಾಶಿವ ಜಿಲ್ಲೆಗಳ ಊರುಗಳು ಬರಿದಾಗುತ್ತವೆ. ಎಲ್ಲರೂ ಹೊಲದಲ್ಲಿರುತ್ತಾರೆ. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ಉಂಡೆ, ಅಂಬಲಿಗಳನ್ನು ಉಣ್ಣುತ್ತಾರೆ. ಚಂದ್ರನು ಪೂರ್ತಿ ಮರೆಯಾದ ದಿನವನ್ನೇ ಬೆಳೆಯ ಹಬ್ಬವನ್ನಾಗಿ ಮಾಡಿಕೊಂಡವರು ನಮ್ಮ ರೈತರು. ಈ ದಿನವನ್ನು ಕುಡುಗೋಲಿನ ಸವಾರನ ಪಕ್ಕದಲ್ಲಿಟ್ಟು ನೋಡಿರಿ. ಅವನು ಕೊಯ್ಯುತ್ತಾನೆ; ಇವರು ಕೊಯ್ಲಿಗೆ ಮೊದಲೇ ಭೂಮಿತಾಯಿಗೆ ಉಣ್ಣಿಸಿ ಬರುತ್ತಾರೆ.

ಮರಾಠಿಯಲ್ಲಿ ಇದಕ್ಕೆ ‘ಯೇಳವಸ’ ಎಂದೂ ‘ವೇಳ ಅಮಾವಾಸ್ಯಾ’ ಎಂದೂ ಹೆಸರು. ವೇಳ ಎಂದರೆ ಹೊತ್ತು ಎಂದು ಕೆಲವರು ಅರ್ಥ ಮಾಡುತ್ತಾರೆ. ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಅದು ನಮ್ಮ ಎಳ್ಳಮಾವಾಸ್ಯೆ. ಅಲ್ಲಿಯ ‘ಅಂಬಿಲ’ ನಮ್ಮ ಅಂಬಲಿ. ಕನ್ನಡದ ಒಂದಕ್ಷರವನ್ನೂ ಅರಿಯದ ಸಾವಿರಾರು ಮನೆಗಳು ವರ್ಷಕ್ಕೊಮ್ಮೆ ಕನ್ನಡ ಹೆಸರಿನ ಹಬ್ಬವನ್ನು ಆಚರಿಸುತ್ತವೆ. ‘ಲಟ್ಟಲೂರು ಪುರವರಾಧೀಶ್ವರ’ರೆಂದು ಬಿರುದಾಂತರಾದ ರಾಷ್ಟ್ರಕೂಟರು ಹೋದರು; ಆ ಲಟ್ಟಲೂರು ಲಾತೂರವಾಗಿ ಉಳಿಯಿತು. ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಗೋದಾವರಿಯವರೆಗೆ ಗುರುತಿಸಿದ ಕಾಲ ಮುಗಿಯಿತು, ಹೊಲದ ಹಬ್ಬದಲ್ಲಿ ಮಾತು ಉಳಿಯಿತು.

ಇಷ್ಟರಿಂದ ನಾವು ತೃಪ್ತರಾಗಿ ಕೂಡಬಾರದು. ಮಣ್ಣಿನಲ್ಲಿ ಬಿದ್ದ ಬೀಜ ಮಳೆ ಬಂದರೆ ಮೊಳೆಯುತ್ತದೆ; ಭಾಷೆ ಹಾಗಲ್ಲ. ಅದನ್ನು ಆಡುವ ಬಾಯಿ ಬೇಕು, ಕೇಳುವ ಮಗು ಬೇಕು. ಕನ್ನಡದ ವಚನಗಳು ಕಲ್ಯಾಣದ ಅಂತ್ಯದ ಬಳಿಕ ತಾಳೆಗರಿಗಳಲ್ಲಿ ಅಡಗಿದ್ದು, ಫ. ಗು. ಹಳಕಟ್ಟಿಯವರಂಥವರು ಮನೆಮನೆ ತಿರುಗಿ ಕೂಡಿಹಾಕಿದ್ದರಿಂದ 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಮತ್ತೆ ಬೆಳಕು ಕಂಡವು. ಕಾಯ್ದಿಟ್ಟ ಮನೆಗಳೂ ಹುಡುಕಿದ ಕೈಗಳೂ ಇರದಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದುದರಿಂದ ಸಂಘದ ಬಂಧುಗಳಲ್ಲಿ ಎರಡೇ ವಿನಂತಿ. ಮುಂದಿನ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ, ಹಿರಿಯರು ಹೊಲಕ್ಕೆ, ಹಳ್ಳಕ್ಕೆ, ಬಾವಿಗೆ, ಅಡಿಗೆಗೆ ಹೇಳುವ ಕನ್ನಡ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ವಾರಕ್ಕೊಂದು ದಿನ, ಅರ್ಧ ತಾಸು, ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಿರಿ. ಮರಾಠಿ ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂಡುವ ಮಗುವಿಗೆ ಇದರಿಂದ ಹಾನಿಯಿಲ್ಲ. ಎರಡು ಮನೆಯ ಬಾಗಿಲು ತೆರೆದಂತಾಗುತ್ತದೆ. ಹದಿಮೂರನೆಯ ಎಲೆಯಲ್ಲಿ ಅರಸನೂ ಗುರುವೂ ತರುಣಿಯೂ ಎದುರಿಸಲಾರದ ಸವಾರನನ್ನು ನೆಟ್ಟ ಕಣ್ಣಿನಿಂದ ನೋಡುವುದು ಒಂದು ಮಗು. ಈ ಗಡಿಯಲ್ಲಿ ಕನ್ನಡದ ಮುಂದಿನ ಮಾತೂ ಅಂಥ ಮಗುವಿನ ಬಾಯಲ್ಲಿಯೇ ಇದೆ.