ಬಳಿಗೊಂದು ಕಾಲಂ

ಅಳಿಯಕಟ್ಟಿನ, ಎಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಮನೆಯ ವಂಶವೃಕ್ಷವನ್ನು ಕಂಪ್ಯೂಟರಿಗೆ ಏರಿಸಲು ಕೂತರೆ ಮೊದಲ ತಕರಾರು ಏಳುವುದು ‘ಸರ್‌ನೇಮ್’ ಕಾಲಮ್ಮಿನಲ್ಲೇ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ತಂದೆಯ ಹೆಸರಿನಿಂದ ಶುರುಮಾಡಿದ್ದೆ. “ಮೊದಲು ಬರಿ ಹಾಕು ಮಗಾ, ಉಳಿದದ್ದು ಆಮೇಲೆ” ಎಂದರು. ತುಳುವಿನ ಬರಿ ಎಂದರೆ ಕನ್ನಡದ ಬಳಿ. ತಾಯಿಯಿಂದ ಮಕ್ಕಳಿಗೆ ಬರುವ ಗುರುತು. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಶೆಟ್ಟಿ, ರೈ, ಆಳ್ವ ಎಂದು ಹುಡುಕಿದರೆ ಊರಿಗೆ ಊರೇ ಹಾಜರಾಗುತ್ತದೆ. ಬಳಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಈ ಕಾಲಂಗಳನ್ನು ಗೀಚಿದವರು ಬೇರೆ. ತೀರಿಕೊಂಡ ಪೂರ್ವಿಕರಿಗೂ ದೀಕ್ಷೆ ಸಲ್ಲುತ್ತದೆಂದು ನಂಬುವ ಅಮೆರಿಕದ ಮಾರ್ಮನ್ ಚರ್ಚು 1938ರಿಂದ ದೇಶದೇಶಗಳ ರಿಜಿಸ್ಟರುಗಳನ್ನು ಮೈಕ್ರೋಫಿಲ್ಮಿಗೆ ಇಳಿಸುತ್ತ ಬಂದಿತ್ತು. 1984ರಲ್ಲಿ ಅದು ‘ಪರ್ಸನಲ್ ಆನ್ಸೆಸ್ಟ್ರಲ್ ಫೈಲ್’ ಎಂಬ ಸಾಫ್ಟ್‌ವೇರನ್ನೂ ಒಬ್ಬರ ಮಾಹಿತಿ ಇನ್ನೊಬ್ಬರ ಯಂತ್ರಕ್ಕೆ ಹೋಗಲೆಂದು ‘ಜೆಡ್‌ಕಾಂ’ ಎಂಬ ಕಡತದ ಮಾದರಿಯನ್ನೂ ತಂದಿತು. ಗಂಡ, ಹೆಂಡತಿ, ಮಕ್ಕಳು: ಜೆಡ್‌ಕಾಂನ ‘ಕುಟುಂಬ’ ಇಷ್ಟೇ. ನಮ್ಮ ಕುಟುಂಬ ಎಂದರೆ ಒಬ್ಬ ಮೂಲ ಅಜ್ಜಿಯಿಂದ ಇಳಿದ ಹೆಣ್ಣುಸಂತಾನದ ಇಡೀ ಬಳಗ.

ಬ್ರಿಟನ್ನಿನವರಿಗೂ ಅಮೆರಿಕದ ಅಂಗಿ ಸರಿಯಾಗಿ ಕೂರಲಿಲ್ಲ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1837ರ ಜುಲೈಯಿಂದ ಶುರುವಾದ ಜನನ-ಮರಣ ನೋಂದಣಿಯ ಸೂಚಿ 1983ರವರೆಗೆ ಮೂರು ಮೂರು ತಿಂಗಳ ಕಟ್ಟಿನಲ್ಲಿತ್ತು. ದಿನದ ಕಾಲಮ್ಮಿನಲ್ಲಿ ತ್ರೈಮಾಸಿಕ ಬರೆಯಬೇಕು. ಹಳೇ ಚರ್ಚ್ ಪುಸ್ತಕದಲ್ಲಿ ಹೆಚ್ಚಾಗಿ ಸಿಗುವುದು ಹುಟ್ಟಿದ ದಿನವಲ್ಲ, ಸ್ನಾನದೀಕ್ಷೆಯ ದಿನ. ಅವರು ತಮಗೆ ಬೇಕಾದ ಕಾಲಂಗಳನ್ನು ಸೇರಿಸಿಕೊಂಡರು.

ಬ್ರಿಟನ್ನಿನವರ ಪೂರ್ವಿಕರ ಹುಡುಕಾಟ ಮಂಗಳೂರಿಗೂ ಬಂದು ಮುಟ್ಟುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಮದ್ರಾಸಿನವರ ಕೈಗೆ ಹೋಯಿತು. ಹಾಗಾಗಿ ಇಲ್ಲಿ ಹುಟ್ಟಿದ, ಮದುವೆಯಾದ, ಮಣ್ಣಾದ ಇಂಗ್ಲಿಷರ ದಾಖಲೆಯ ನಕಲುಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸಿನ ಸಂಪುಟಗಳಲ್ಲೇ ಹುಡುಕಬೇಕು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಸೇರಿತಲ್ಲ, ಆಮೇಲಿನ ಕಾರವಾರ, ಹೊನ್ನಾವರದವರು ಸಿಗುವುದು ಬೊಂಬಾಯಿಯ ಸಂಪುಟಗಳಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಅವರ ಕಾಗದಪತ್ರಗಳು ಸ್ವಿಜರ್ಲೆಂಡಿನ ಬಾಸೆಲ್‌ನಲ್ಲೂ ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲೂ ಇವೆ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆಯೂ ಕೆಲಕಾಲ ಇಲ್ಲಿನ ಮಿಷನ್ನಿನಲ್ಲಿದ್ದವರು.

ಕೊಂಕಣಿ ಕ್ಯಾಥೊಲಿಕರ ಕಷ್ಟ ಬೇರೆ ತರಹದ್ದು. 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕಾಲದಲ್ಲಿ ಚರ್ಚುಗಳು ನೆಲಸಮವಾದವು. ಶ್ರೀರಂಗಪಟ್ಟಣದಿಂದ ಮರಳಿದವರ ಹಿಂದಿನ ತಲೆಮಾರುಗಳಿಗೆ ಕೊಂಡಿ ಕೂಡಿಸುವುದು ಕಠಿಣ. ಮೇಲಾಗಿ ಡಿಸೋಜ, ಪಿಂಟೊ, ಲೋಬೊಗಳಿಗೆ ಲೆಕ್ಕವಿಲ್ಲ. ಇಂಥ ಕಗ್ಗಂಟಿಗೆ ಕೈಹಾಕಿ ಆ ಸಮುದಾಯದ ಮನೆತನಗಳ ವಂಶಾವಳಿ ಕೋಶ ಕಟ್ಟಿದ ಮೈಕಲ್ ಲೋಬೊ ಗಣಿತ ಓದಿದವರು ಎಂಬುದು ನನಗೆ ಆಶ್ಚರ್ಯವಲ್ಲ.

ಅಳಿಯಕಟ್ಟಿನವರಿಗೆ ಚರ್ಚ್ ಪುಸ್ತಕವಿಲ್ಲ, ಆದರೆ ಕೋರ್ಟಿದೆ! 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆಸ್ತಿಯನ್ನು ಕವರುಗಳಾಗಿ, ಎಂದರೆ ಹೆಣ್ಣುಮೂಲದ ಕವಲುಗಳಾಗಿ, ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. ದಾವೆಗೆ ಲಗತ್ತಿಸಿದ ವಂಶವೃಕ್ಷ, ವಿಭಾಗ ಪತ್ರ ಇವೇ ನಮ್ಮ ರಿಜಿಸ್ಟರು. ಆದರೆ ಅವುಗಳಲ್ಲಿ ಗಂಡಸಿನ ಹೆಸರಿನ ಕೆಳಗೆ ಗೆರೆ ಇಳಿಯುವುದಿಲ್ಲ. ಅವನ ಮಕ್ಕಳು ಹೆಂಡತಿಯ ಕುಟುಂಬದ ಮರದಲ್ಲಿ, ಬೇರೆ ಯಾವುದೋ ದಾವೆಯಲ್ಲಿ ಇರುತ್ತಾರೆ. ಅಪ್ಪನ ಅಪ್ಪನನ್ನು ಹುಡುಕುವವರು ಮೂರು ಮನೆಯ ಪೆಟ್ಟಿಗೆ ತೆಗೆಸಬೇಕು.

ಸಾಫ್ಟ್‌ವೇರ್ ನಮ್ಮತ್ತ ಬಾಗಿದ್ದು ನಿಧಾನವಾಗಿ. ಯೂನಿಕೋಡಿನಲ್ಲಿ ಕನ್ನಡ 1991ರಲ್ಲೇ ಸೇರಿತ್ತು; ಜೆಡ್‌ಕಾಂ ಯುಟಿಎಫ್-8 ಒಂದನ್ನೇ ಕಡ್ಡಾಯ ಮಾಡಿದ್ದು 2021ರ 7.0 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದಾಗ ಅಜ್ಜಂದಿರ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವ ಭಯವಿತ್ತು. 2001ರಲ್ಲಿ ಶುರುವಾದ ‘ಗ್ರಾಂಪ್ಸ್’ ಎಂಬ ಮುಕ್ತ ತಂತ್ರಾಂಶ ನನಗೆ ಹೆಚ್ಚು ಒಗ್ಗಿತು. ಕುಲನಾಮ ತಾಯಿಯ ಕಡೆಯದೆಂದು ಅದರಲ್ಲಿ ಗುರುತಿಸಬಹುದು. ಬಳಿ, ಕವರು, ಗುತ್ತಿನ ಮನೆ ಎಂದು ಬೇಕಾದ ಗುಣಗಳನ್ನು ನಾವೇ ಸೇರಿಸಬಹುದು. ಊರನ್ನು ಕಾಲಕ್ಕೆ ತಕ್ಕಂತೆ ಬೇರೆಬೇರೆ ಆಡಳಿತದೊಳಗೆ ಇಡಲೂ ಬರುತ್ತದೆ: ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ, ಆಮೇಲೆ ಕೇರಳ, ಉಡುಪಿ 1997ರಿಂದ ತನ್ನದೇ ಜಿಲ್ಲೆ. ಯಹೂದಿ, ಇಸ್ಲಾಮಿ, ಫ್ರೆಂಚ್ ಕ್ರಾಂತಿಯ ಪಂಚಾಂಗಗಳು ಕೂಡ ಅದರಲ್ಲಿವೆ. ಶಾಲಿವಾಹನ ಶಕೆ ಇಲ್ಲ. ಸಂವತ್ಸರದ ಹೆಸರನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು. ‘ಕಸಿನ್’ ಎಂಬ ಪದವಂತೂ ನಮಗೆ ಆಗಿಬರುವುದಿಲ್ಲ. ಸೋದರಮಾವನ ಮಗಳನ್ನು ಮದುವೆಯಾಗಬಹುದು, ಚಿಕ್ಕಮ್ಮನ ಮಗಳು ತಂಗಿ.

ಬಳಿಯ ಕಾಲಂ ತುಂಬಿಸಿ ಮುಗಿಸಿದ ದಿನ ಗಂಡಹೆಂಡಿರ ಬಳಿ ಒಂದೇ ಇರುವ ಜೋಡಿಗಳನ್ನು ಹುಡುಕಿದೆ. ಒಂದು ಜೋಡಿ ಸಿಕ್ಕಿತು. ಹೆದರುತ್ತಲೇ ಅಜ್ಜಿಗೆ ಓದಿ ಹೇಳಿದೆ. ಅವರು ಎಲೆಅಡಿಕೆ ಬಾಯಿಗಿಟ್ಟುಕೊಂಡು, “ನೀನು ಬರೆದದ್ದನ್ನು ಇನ್ನೊಮ್ಮೆ ನೋಡು” ಎಂದರು. ನೋಡಿದರೆ, ಹೆಂಡತಿಯ ಸಾಲಿನಲ್ಲಿ ಗಂಡನ ಬಳಿಯನ್ನೇ ಕುಟ್ಟಿದ್ದೆ.